ಮೊದಲು ಮಟ್ಟ, ಆಮೇಲೆ ಅರ್ಜಿ: ಚಿಕ್ಕಮಗಳೂರಿನಲ್ಲಿ ಮನೆಗೆ ಯುಜಿಡಿ ಸಂಪರ್ಕ ಪಡೆಯುವ ಬಗೆ

ಮನೆ ಕಟ್ಟಿಸಲು ಹೊರಟವರು ಮುಂಬಾಗಿಲು ಯಾವ ದಿಕ್ಕಿಗೆ ಎಂದು ಕೇಳುತ್ತಾರೆ, ದೇವರ ಕೋಣೆ ಎಲ್ಲಿ ಎಂದು ಕೇಳುತ್ತಾರೆ, ಬೋರ್‌ವೆಲ್ ಪಾಯಿಂಟ್ ನೋಡುವವರನ್ನು ತೆಂಗಿನಕಾಯಿ ಸಮೇತ ಕರೆಸುತ್ತಾರೆ. ರಸ್ತೆಯಲ್ಲಿರುವ ಒಳಚರಂಡಿಯ ತಳ ನಮ್ಮ ಬಚ್ಚಲಿಗಿಂತ ಎಷ್ಟು ಅಡಿ ಕೆಳಗಿದೆ ಎಂದು ಕೇಳಿದವರನ್ನು ಮಾತ್ರ ನಾನು ಹೆಚ್ಚು ಕಂಡಿಲ್ಲ. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿಯ, ಸಂಪರ್ಕದ ತಕರಾರುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಈ ಒಂದು ಪ್ರಶ್ನೆಯನ್ನು ತಡವಾಗಿ ಕೇಳುವುದರಿಂದ. ಅರ್ಜಿ, ಶುಲ್ಕ, ಸಹಿಗಳನ್ನು ಹೇಗೋ ದಾಟಬಹುದು. ಮೇಲಕ್ಕೆ ಹರಿ ಎಂದು ನೀರಿಗೆ ಹೇಳಿ ಒಪ್ಪಿಸಲು ಆಗುವುದಿಲ್ಲ.

ಚಿಕ್ಕಮಗಳೂರು ಸಮತಟ್ಟು ಊರಲ್ಲ. ಒಂದೇ ಬೀದಿಯಲ್ಲಿ ಎಡಗಡೆಯ ಮನೆ ರಸ್ತೆಗಿಂತ ಮೂರು ಅಡಿ ಮೇಲೆ, ಬಲಗಡೆಯ ಮನೆ ಮೂರು ಅಡಿ ಕೆಳಗೆ ಇರುವುದು ಇಲ್ಲಿ ಮಾಮೂಲು. ಎಡಗಡೆಯವರಿಗೆ ಹೊಂದುವ ಲೆಕ್ಕ ಬಲಗಡೆಯವರಿಗೆ ಹೊಂದುವುದಿಲ್ಲ. ಆದ್ದರಿಂದ ಪಕ್ಕದ ಮನೆಯವರು ಮಾಡಿಸಿದ ಹಾಗೆಯೇ ಮಾಡಿ ಎಂದು ಮೇಸ್ತ್ರಿಗೆ ಹೇಳಿ ಸುಮ್ಮನಾಗಬೇಡಿ.

ಕೊಳವೆ ಚಾಲ್ತಿಯಲ್ಲಿದೆಯೇ?

ಮನೆ ಮುಂದೆ ಮ್ಯಾನ್‌ಹೋಲ್ ಮುಚ್ಚಳ ಕಾಣಿಸಿತು ಎಂದ ಮಾತ್ರಕ್ಕೆ ಅದರೊಳಗಿನ ಕೊಳವೆ ಮುಂದೆ ಶುದ್ಧೀಕರಣ ಘಟಕದವರೆಗೆ ಜೋಡಣೆಯಾಗಿದೆ ಎಂದು ಅರ್ಥವಲ್ಲ. ರಾಜ್ಯದ ಹೆಚ್ಚಿನ ಊರುಗಳಲ್ಲಿ ಕೊಳವೆ ಮಾರ್ಗ ಹಾಕುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕೆಲಸ ಮುಗಿದು ಹಸ್ತಾಂತರವಾದ ಮೇಲೆ ಅದನ್ನು ನಡೆಸುವುದು, ಮನೆಗಳಿಗೆ ಸಂಪರ್ಕ ಕೊಡುವುದು ನಗರಸಭೆ. ನಗರಸಭೆಯ ನೀರು ಸರಬರಾಜು ಮತ್ತು ಒಳಚರಂಡಿ ವಿಭಾಗಕ್ಕೆ ಹೋಗಿ, ವಾರ್ಡ್ ಮತ್ತು ಅಡ್ಡರಸ್ತೆ ಹೇಳಿ, ನಮ್ಮ ಬೀದಿಯ ಮಾರ್ಗ ಚಾಲ್ತಿಯಲ್ಲಿದೆಯೇ, ಕೊಳವೆ ಎಷ್ಟು ಇಂಚಿನದು, ಮನೆ ಸಂಪರ್ಕಕ್ಕೆಂದು ಚೇಂಬರ್ (ಕೊಳವೆಗಳು ಬಂದು ಸೇರುವ, ಮುಚ್ಚಳವಿರುವ ಚಿಕ್ಕ ತೊಟ್ಟಿ) ಬಿಟ್ಟಿದ್ದಾರೆಯೇ ಎಂಬ ಮೂರನ್ನು ಕೇಳಿ. ಚಾಲ್ತಿಯಲ್ಲಿಲ್ಲದ ಕೊಳವೆಗೆ ಸೇರಿಸಿದರೆ ಕೊಳಚೆ ಎಲ್ಲೋ ನಾಲ್ಕು ಮನೆ ಆಚೆ ನಿಂತು, ಮೊದಲ ಜೋರು ಮಳೆಗೆ ಯಾರದ್ದೋ ಅಂಗಳದಲ್ಲಿ ಏಳುತ್ತದೆ.

ಮಾರ್ಗ ಇಲ್ಲವೆಂದಾದರೆ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿಯೇ ಗತಿ. ಟ್ಯಾಂಕಿನ ಹೊರಹರಿವನ್ನು ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಬಿಡುವುದು ಪರಿಹಾರವಲ್ಲ. ಆ ಚರಂಡಿ ಕೊನೆಗೆ ಸೇರುವುದು ಕೆರೆಗೋ ಹಳ್ಳಕ್ಕೋ.

ಮಟ್ಟ ಅಳೆಯುವುದು

ಇದಕ್ಕೆ ದೊಡ್ಡ ಯಂತ್ರ ಬೇಡ. ಗಾರೆ ಕೆಲಸದವರ ಬಳಿ ಇರುವ, ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪ್ ಸಾಕು. ಒಳಗೆ ಗಾಳಿಗುಳ್ಳೆ ಇರಬಾರದು, ಅಷ್ಟೇ. ಒಂದೇ ಒಂದು ಗುಳ್ಳೆ ಉಳಿದರೂ ಎರಡು ತುದಿಯ ನೀರು ಸುಳ್ಳು ಹೇಳುತ್ತದೆ. ರಸಮಟ್ಟವನ್ನು ಹಲಗೆಯ ಮೇಲಿಟ್ಟುಕೊಂಡು ಅಷ್ಟು ದೂರ ಹೋಗಬೇಡಿ. ಅದು ಗೋಡೆಗೆ, ಕಿಟಕಿಗೆ ಸರಿ.

ಕಾಂಪೌಂಡ್ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ. ಲೆವೆಲ್ ಪೈಪ್ ಹಿಡಿದು ಅದೇ ಮಟ್ಟವನ್ನು ಹಿತ್ತಲಿನ ಶೌಚಾಲಯದ ಗೋಡೆಗೂ ರಸ್ತೆಯಲ್ಲಿ ನಿಲ್ಲಿಸಿದ ಕೋಲಿಗೂ ದಾಟಿಸಿ. ಆಮೇಲೆ ಎರಡು ಕಡೆಯೂ ಆ ಗೆರೆಯಿಂದ ಕೆಳಕ್ಕೆ ಅಳೆಯಿರಿ. ಒಂದು ಉದಾಹರಣೆ ನೋಡೋಣ. ಶೌಚಾಲಯದಿಂದ ಹೊರಬರುವ ಕೊಳವೆಯ ತಳ ಗೆರೆಯಿಂದ ನಾಲ್ಕೂವರೆ ಅಡಿ ಕೆಳಗಿದೆ ಎಂದುಕೊಳ್ಳಿ. ರಸ್ತೆಯ ಮ್ಯಾನ್‌ಹೋಲಿನಲ್ಲಿ ನೀರು ಹರಿಯುವ ತಳ ಏಳು ಅಡಿ ಕೆಳಗಿದೆ. ನಮ್ಮ ಕೈಯಲ್ಲಿರುವ ಇಳಿತ ಎರಡೂವರೆ ಅಡಿ, ಅಂದರೆ 30 ಇಂಚು. ಎರಡರ ನಡುವಿನ ದೂರ 60 ಅಡಿ.

ಈಗ ಬೇಕಾದ ಇಳಿಜಾರು, ಮೇಸ್ತ್ರಿಗಳ ಮಾತಿನಲ್ಲಿ ವಾಟ. ಇದಕ್ಕೆ ಹಳೆಯ ಕಾಲದಿಂದ ಬಂದ ಸುಲಭ ಸೂತ್ರವಿದೆ: ಕೊಳವೆ ಎಷ್ಟು ಇಂಚಿನದೋ ಅದನ್ನು ಹತ್ತರಿಂದ ಗುಣಿಸಿ, ಅಷ್ಟು ಅಡಿಗೆ ಒಂದು ಅಡಿ ಇಳಿಸಿ. 4 ಇಂಚಿಗೆ 40 ಅಡಿಗೆ ಒಂದು ಅಡಿ, 6 ಇಂಚಿಗೆ 60 ಅಡಿಗೆ ಒಂದು ಅಡಿ. ನಮ್ಮ 60 ಅಡಿಗೆ 4 ಇಂಚಿನ ಕೊಳವೆ ಹಾಕಿದರೆ ಒಂದೂವರೆ ಅಡಿ, 18 ಇಂಚು ಬೇಕು. ಉಳಿಯುವುದು 12 ಇಂಚು. ನಮ್ಮ ಕೊಳವೆ ರಸ್ತೆಯ ಮುಖ್ಯ ಕೊಳವೆಯ ನೆತ್ತಿಗಿಂತ ಮೇಲೆ ಬಂದು ಸೇರುವುದು ಒಳ್ಳೆಯದು. ಮುಖ್ಯ ಕೊಳವೆ 8 ಇಂಚಿನದಾದರೆ ಅದಕ್ಕೆ 8 ಇಂಚು ಕಳೆಯಿರಿ. ಕೈಯಲ್ಲಿ ಉಳಿದದ್ದು 4 ಇಂಚು. ನಡುವೆ ಬರುವ ಚೇಂಬರುಗಳು ಅರ್ಧರ್ಧ ಇಂಚು ತಿನ್ನುತ್ತವೆ. ಆಯಿತು, ಹಾಗೂ ಹೀಗೂ ದಕ್ಕಿತು. ಕಾಗದದ ಮೇಲೆ ಐದು ನಿಮಿಷದ ಲೆಕ್ಕ ಇದು. ತಳಪಾಯ ಹಾಕುವ ಮೊದಲು ಮಾಡಿದರೆ ನೆಲವನ್ನು ಅರ್ಧ ಅಡಿ ಎತ್ತರಿಸಿಕೊಳ್ಳಬಹುದು. ಟೈಲ್ಸ್ ಹಾಕಿದ ಮೇಲೆ ಮಾಡಿದರೆ ಟೈಲ್ಸ್ ಒಡೆಸಬೇಕು.

ವಾಸ್ತುವಿನ ಲೆಕ್ಕದಲ್ಲಿ ಶೌಚಾಲಯವನ್ನು ರಸ್ತೆಯಿಂದ ಅತಿ ದೂರದ ಮೂಲೆಗೆ ತಳ್ಳಿದವರು ಕೊಳವೆಯ ಉದ್ದವನ್ನೂ ಕೊಂಡುಕೊಂಡಿರುತ್ತಾರೆ. ನನ್ನ ತಕರಾರೇನೂ ಇಲ್ಲ, ಆದರೆ ಪ್ರತಿ 40 ಅಡಿಗೆ ಒಂದು ಅಡಿಯ ಬೆಲೆ ತೆರಬೇಕಾಗುತ್ತದೆ ಎಂಬುದು ನೆನಪಿರಲಿ.

ಇಳಿತ ಸಾಲದಿದ್ದರೆ 6 ಇಂಚಿನ ಕೊಳವೆ ಹಾಕಿ, ಕಡಿಮೆ ವಾಟದಲ್ಲಿ ಹೋಗಿಬಿಡುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಲೆಕ್ಕಕ್ಕೆ ಅದು ನಿಜ, 60 ಅಡಿಗೆ ಆರು ಇಂಚು ಉಳಿಯುತ್ತದೆ. ನಾಲ್ಕು ಜನರ ಮನೆಯ ನೀರು 6 ಇಂಚಿನ ಕೊಳವೆಯಲ್ಲಿ ತೆಳ್ಳಗೆ ಹರಡಿ ಹೋಗುತ್ತದೆ, ಗಟ್ಟಿ ಪದಾರ್ಥವನ್ನು ಹೊತ್ತೊಯ್ಯುವ ಬಲ ಅದಕ್ಕಿರುವುದಿಲ್ಲ. ತುಂಬಾ ಕಡಿದಾದ ವಾಟವೂ ಬೇಡ. ನೀರು ಮುಂದೆ ಓಡಿ ಗಟ್ಟಿ ಹಿಂದೆ ಉಳಿಯುತ್ತದೆ. ಎತ್ತರದ ಸೈಟಿನವರು ಮೇಲಿನಿಂದ ಕೆಳಕ್ಕೆ ಓರೆಯಾಗಿ ಜಾರುಬಂಡೆಯಂತೆ ಕೊಳವೆ ಇಡುವ ಬದಲು ಹದವಾದ ವಾಟದಲ್ಲಿ ತಂದು, ಕೊನೆಯ ಚೇಂಬರಿನಲ್ಲಿ ನೇರವಾಗಿ ಕೆಳಗಿಳಿಸಬೇಕು. ಇಳಿತ ಎರಡು ಅಡಿಗಿಂತ ಹೆಚ್ಚಿದ್ದರೆ ಹೀಗೆ ಇಳಿಸುವುದಕ್ಕೇ ಪ್ರತ್ಯೇಕ ಜೋಡಣೆಯಿದೆ. ಎಂಜಿನಿಯರನ್ನು ಕೇಳಿ.

ರಸ್ತೆಯ ಮ್ಯಾನ್‌ಹೋಲ್ ಮುಚ್ಚಳವನ್ನು ನೀವೇ ತೆಗೆಯಬೇಡಿ. ನಗರಸಭೆಯ ಸಿಬ್ಬಂದಿ ತೆಗೆದುಕೊಡಲಿ, ಮೇಲಿನಿಂದಲೇ ಕೋಲು ಇಳಿಬಿಟ್ಟು ಅಳೆಯಿರಿ. ಬಗ್ಗಿ ಮುಖ ಒಡ್ಡುವುದೂ ಬೇಡ, ಒಳಗಿನ ವಿಷಾನಿಲ ಒಂದೆರಡು ಉಸಿರಿಗೇ ಆಳನ್ನು ಕೆಡವಬಲ್ಲದು.

ರಸ್ತೆಗಿಂತ ತಗ್ಗಿನ ಮನೆ

ಮುಖ್ಯ ಕೊಳವೆ ಕಟ್ಟಿಕೊಂಡರೆ ಕೊಳಚೆ ಎಲ್ಲಿ ಉಕ್ಕುತ್ತದೆ? ಅತ್ಯಂತ ತಗ್ಗಿನಲ್ಲಿರುವ ಬಾಯಿಯಲ್ಲಿ. ರಸ್ತೆಯ ಮುಚ್ಚಳಕ್ಕಿಂತ ನಿಮ್ಮ ಬಚ್ಚಲಿನ ನೆಲ ತಗ್ಗಿನಲ್ಲಿದ್ದರೆ ಆ ಬಾಯಿ ನಿಮ್ಮ ಬಚ್ಚಲೇ. ನಮ್ಮ ಪರಿಚಯದ ಮನೆಯೊಂದರಲ್ಲಿ ಪುಷ್ಯ ಮಳೆ ಹಿಡಿದ ಒಂದು ರಾತ್ರಿ ಹೀಗೇ ಆಯಿತು. ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲ ಜಾಲರಿಯ ಮೇಲೆ ಇಡೀ ಬೀದಿಯ ಎಣ್ಣೆ ಜಿಡ್ಡು. ಮನೆ ಕಟ್ಟಿದವನಿಗೆ ಆ ಮಟ್ಟದ ವ್ಯತ್ಯಾಸ ಗೊತ್ತಿತ್ತು, ಹೇಳಿರಲಿಲ್ಲ. ಇಂಥ ಮನೆಗೆ ಕೊನೆಯ ಚೇಂಬರಿನಲ್ಲಿ ಕೊಳಚೆಯನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಬೇಕೇ ಬೇಕು, ಅದೂ ಮುಚ್ಚಳ ತೆಗೆದರೆ ಕೈಗೆ ಸಿಗುವ ಜಾಗದಲ್ಲಿ. ಅದರ ರೆಕ್ಕೆಗೆ ಕೂದಲು, ಬಟ್ಟೆ ಸಿಕ್ಕಿಕೊಂಡರೆ ಅದು ಇದ್ದೂ ಇಲ್ಲದಂತೆ. ಮಳೆಗಾಲಕ್ಕೆ ಮುಂಚೆ ಒಮ್ಮೆ ತೆಗೆಸಿ ತೊಳೆಸಬೇಕು. ನೆಲಮಾಳಿಗೆಯಲ್ಲಿ ಶೌಚಾಲಯ ಇದ್ದರೆ ವಾಲ್ವ್ ಒಂದೇ ಸಾಲದು, ತೊಟ್ಟಿ ಮಾಡಿ ಪಂಪ್ ಇಟ್ಟು ಮೇಲೆತ್ತಬೇಕು. ಕರೆಂಟು ಹೋದ ದಿನದ ಕಥೆಯನ್ನೂ ಯೋಚಿಸಿಕೊಂಡೇ ಆ ಶೌಚಾಲಯ ಕಟ್ಟಿಸಿ.

ಕಾಗದ ಪತ್ರ

ನಗರಸಭೆಯ ಒಳಚರಂಡಿಗೆ ಅನುಮತಿಯಿಲ್ಲದೆ ಸೇರಿಸುವಂತಿಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ ಆ ಅಧಿಕಾರ ಸ್ಥಳೀಯ ಸಂಸ್ಥೆಯದು. ನೀರು ಮತ್ತು ಯುಜಿಡಿ ಸಂಪರ್ಕದ ಅರ್ಜಿಗೆ ಪೌರಾಡಳಿತ ನಿರ್ದೇಶನಾಲಯದ ಜಲನಿಧಿ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಅದು ಒಗ್ಗದವರು ಕಚೇರಿಗೇ ಹೋಗಿ ವಿಚಾರಿಸಬಹುದು. ಜೊತೆಗೆ ಇಟ್ಟುಕೊಳ್ಳಬೇಕಾದವು: ಇ-ಖಾತೆ, ಚಾಲ್ತಿ ವರ್ಷದ ಆಸ್ತಿ ತೆರಿಗೆ ರಸೀದಿ, ಕಟ್ಟಡ ಪರವಾನಗಿ ಮತ್ತು ಅನುಮೋದಿತ ನಕ್ಷೆಯ ಪ್ರತಿ, ನೀರಿನ ಸಂಪರ್ಕವಿದ್ದರೆ ಅದರ ಕೊನೆಯ ಬಿಲ್ಲು, ಗುರುತಿನ ಚೀಟಿ. ತೆರಿಗೆ ಬಾಕಿ ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ, ಆದ್ದರಿಂದ ಅದನ್ನು ಮೊದಲು ತೀರಿಸಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿಯೂ ಸಿಗುತ್ತದೆ. ಕೊಳವೆ ಬೇರೆಯವರ ಜಾಗ ಹಾಯ್ದು ಹೋಗುವುದಾದರೆ ಅವರ ಒಪ್ಪಿಗೆ ಬಾಯಿಮಾತಿನಲ್ಲಿ ಸಾಲದು, ಬರೆಸಿಕೊಳ್ಳಿ. ಅವರು ಸೈಟು ಮಾರಿದ ದಿನ ಬಾಯಿಮಾತೂ ಅದರ ಜೊತೆಗೇ ಹೋಗುತ್ತದೆ.

ಇವೆಲ್ಲದರ ಜೊತೆ ಒಂದು ಕೈನಕ್ಷೆ ಲಗತ್ತಿಸಿ. ಮನೆ, ಶೌಚಾಲಯ, ಚೇಂಬರುಗಳು, ರಸ್ತೆಯ ಮ್ಯಾನ್‌ಹೋಲ್, ನಡುವಿನ ಅಳತೆ, ಎರಡು ತುದಿಯ ಆಳ. ಕೇಳದಿದ್ದರೂ ಕೊಡಿ. ಸ್ಥಳ ಪರಿಶೀಲನೆಗೆ ಬರುವ ಕಿರಿಯ ಎಂಜಿನಿಯರಿಗೆ ಅಳತೆ ಬರೆದ ಹಾಳೆ ಕೈಗೆ ಕೊಟ್ಟರೆ ಮಾತೇ ಬೇರೆ ಧಾಟಿಯಲ್ಲಿ ಶುರುವಾಗುತ್ತದೆ.

ಕೆಲಸಕ್ಕೆ ಪರವಾನಗಿ ಇರುವ ಪ್ಲಂಬರನ್ನೇ ಹಿಡಿಯಿರಿ, ಪಟ್ಟಿ ನಗರಸಭೆಯಲ್ಲಿ ಕೇಳಿ. ಶುಲ್ಕ ಎರಡು ಬಗೆ: ಸಂಪರ್ಕದ ಶುಲ್ಕ ಮತ್ತು ಠೇವಣಿ ಒಂದು ಕಡೆ, ರಸ್ತೆ ಅಗೆದು ಮತ್ತೆ ಸರಿಪಡಿಸುವ ಶುಲ್ಕ ಇನ್ನೊಂದು ಕಡೆ. ಡಾಂಬರು, ಕಾಂಕ್ರೀಟು, ಮಣ್ಣಿನ ರಸ್ತೆಗೆ ದರ ಬೇರೆ ಬೇರೆ. ಅಂಗಡಿ, ಹೋಟೆಲ್, ಹೋಂಸ್ಟೇಗೆ ವಾಣಿಜ್ಯ ದರ. ಹಣವನ್ನು ಚಲನ್ ಮೂಲಕವೋ ಆನ್‌ಲೈನಿನಲ್ಲೋ ಕಟ್ಟಿ ರಸೀದಿ ಇಟ್ಟುಕೊಳ್ಳಿ, ಯಾರ ಕೈಗೂ ಕೊಡಬೇಡಿ. ಮನೆ ಇರುವುದು ರಾಷ್ಟ್ರೀಯ ಹೆದ್ದಾರಿ 173ಕ್ಕೆ ತಾಗಿಕೊಂಡಿದ್ದರೆ ನಗರಸಭೆಯ ಅನುಮತಿ ಒಂದೇ ಸಾಲದು, ಹೆದ್ದಾರಿ ನೋಡಿಕೊಳ್ಳುವ ವಿಭಾಗದ ಒಪ್ಪಿಗೆಯೂ ಬೇಕು. ಅದಕ್ಕೆ ದಿನ ಹಿಡಿಯುತ್ತದೆ.

ಅರ್ಜಿ ಸರ್ಕಾರಿ ಸೇವೆಗೆ ಗಡುವು ಹಾಕುವ ಸಕಾಲದಡಿ ಸ್ವೀಕೃತವಾದರೆ ಜಿಎಸ್‌ಸಿ ಸಂಖ್ಯೆಯಿರುವ (ಅರ್ಜಿಯ ಗುರುತಿನ ಸಂಖ್ಯೆ) ಚೀಟಿ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಆ ಹಣದಿಂದ ಒಂದು ಉದ್ದ ಕೊಳವೆಯೂ ಬಾರದು. ಆದರೂ ಮೇಲ್ಮನವಿಗೆ ಆ ಸಂಖ್ಯೆಯೇ ಆಧಾರ, ಕಳೆದುಕೊಳ್ಳಬೇಡಿ.

ಇಷ್ಟೆಲ್ಲ ಓಡಾಟ ಯುಗಾದಿಗೆ ಮುಂಚೆಯೇ ಶುರುವಾಗಲಿ. ರಸ್ತೆ ಅಗೆಯುವ ಕೆಲಸ ರೋಹಿಣಿ ಮಳೆಯ ಹೊತ್ತಿಗೆ ಮುಗಿದಿರಬೇಕು. ಆರಿದ್ರಾ ಹಿಡಿದ ಮೇಲೆ ಕೆಮ್ಮಣ್ಣಿನ ಕಾಲುವೆ ತೋಡಿದರೆ ತೋಡಿದ್ದಕ್ಕಿಂತ ಕುಸಿದದ್ದೇ ಹೆಚ್ಚಾಗುತ್ತದೆ.

ಕಾಂಪೌಂಡಿನ ಒಳಗೆ

ಕೊಳವೆ ಕೊಳ್ಳುವಾಗ ಅದರ ಮೈಮೇಲಿನ ಅಕ್ಷರ ಓದಿ. ಮನೆಯೊಳಗಿನ ಶೌಚದ ಸಾಲಿಗೆ ಭಾರತೀಯ ಮಾನಕ ಐಎಸ್ 13592ರ ಟೈಪ್ ಬಿ ಇರಬೇಕು. ಟೈಪ್ ಎ ಎಂಬುದು ಮಳೆನೀರಿಗೆ ಮತ್ತು ಗಾಳಿಕೊಳವೆಗೆ ಮಾತ್ರ. ಎರಡೂ ಬೂದುಬಣ್ಣ, ಎರಡೂ 110 ಮಿಲಿಮೀಟರ್ (ನಾವು 4 ಇಂಚು ಎನ್ನುವುದು), ಆದರೆ ಒಂದರ ಗೋಡೆ 3.2 ಮಿಲಿಮೀಟರ್, ಇನ್ನೊಂದರದ್ದು 2.2. ಅಂಗಡಿಯವರು ಕಡಿಮೆ ಬೆಲೆಗೆ ಕೊಟ್ಟರೆಂದು ಖುಷಿಪಡುವ ಮೊದಲು ಆ ಒಂದು ಅಕ್ಷರ ನೋಡಿ. ಮಣ್ಣಿನಡಿ ಹೂಳುವ ಸಾಲಿಗೆಂದೇ ಐಎಸ್ 15328ರ ಕೊಳವೆ ಸಿಗುತ್ತದೆ. ರಸ್ತೆಯ ಕಡೆಗೆ ಹೋಗುವ ಕೊನೆಯ ತುಂಡು 110 ಆಗಬೇಕೋ 160 ಆಗಬೇಕೋ ಎಂಬುದನ್ನು ನಗರಸಭೆಯ ಎಂಜಿನಿಯರ್ ಹೇಳಿದಂತೆ ಮಾಡಿ.

ಕಾಲುವೆಯ ತಳದ ಕಲ್ಲು ಆರಿಸಿ, ನಾಲ್ಕು ಇಂಚು ಮರಳೋ ಎಂ-ಸ್ಯಾಂಡೋ ಹಾಸಿ, ಅದರ ಮೇಲೆ ಕೊಳವೆ ಮಲಗಿಸಬೇಕು. ಇಟ್ಟಿಗೆ ಚೂರು ಕೊಟ್ಟು ವಾಟ ಸರಿಮಾಡುವುದು ನಮ್ಮಲ್ಲಿ ಬಹಳ ಹಳೆಯ ಕೆಟ್ಟ ಚಾಳಿ. ಮೇಲೆ ಮಣ್ಣು ಬಿದ್ದಾಗ ಇಟ್ಟಿಗೆಯ ನಡುವಿನ ಕೊಳವೆ ಹೊಟ್ಟೆ ಬಿಡುತ್ತದೆ, ಆ ಹೊಟ್ಟೆಯಲ್ಲಿ ಕೊಳಚೆ ನಿಲ್ಲುತ್ತದೆ. ಗಾಡಿ ಓಡಾಡುವ ಕಡೆ ಕೊಳವೆಯ ಮೇಲೆ ಮೂರು ಅಡಿ ಮಣ್ಣಾದರೂ ಇರಲಿ. ಸಿಗದಿದ್ದರೆ ಸುತ್ತ ಕಾಂಕ್ರೀಟ್ ಹಾಕಿಸಿ. ಕಾಲುವೆ ಐದು ಅಡಿಗಿಂತ ಆಳವಾದರೆ ಎರಡೂ ಬದಿಗೆ ಹಲಗೆ ಕೊಟ್ಟು ಆಸರೆ ಮಾಡದೆ ಯಾರನ್ನೂ ಒಳಗಿಳಿಸಬಾರದು.

ಕುಡಿಯುವ ನೀರಿನ ಕೊಳವೆ ಇದೇ ಕಾಲುವೆಯಲ್ಲಿ ಜೊತೆಯಾಗಿ ಹೋಗಬಾರದು. ಎರಡು ಬೇರೆ ಕಾಲುವೆ, ಸಾಧ್ಯವಾದಷ್ಟು ದೂರ. ಅಡ್ಡ ಹಾಯುವುದು ಅನಿವಾರ್ಯವಾದರೆ ನೀರಿನದು ಮೇಲೆ, ಕೊಳಚೆಯದು ಕನಿಷ್ಠ ಒಂದೂವರೆ ಅಡಿ ಕೆಳಗೆ.

ಕೊಳವೆ ತಿರುಗುವ ಕಡೆ, ಇನ್ನೊಂದು ಬಂದು ಸೇರುವ ಕಡೆ, ವಾಟ ಬದಲಾಗುವ ಕಡೆ ಚೇಂಬರ್ ಬೇಕು. ನೇರ ಸಾಲಿನಲ್ಲೂ 30 ಅಡಿಗೊಂದು ಇದ್ದರೆ ಕಟ್ಟಿಕೊಂಡಾಗ ಕಂಬಿ ಹಾಕಲು ಸುಲಭ. ಚೇಂಬರಿನ ತಳ ಬಾಂಡಲಿಯ ಹಾಗಿರಬಾರದು. ನಡುವೆ ಅರ್ಧ ಕೊಳವೆಯಂತೆ ಹರಿಯುವ ತೋಡು, ಅದರ ಎರಡೂ ಪಕ್ಕ ತೋಡಿನ ಕಡೆಗೆ ಬಾಗಿದ ನುಣುಪಾದ ಗಿಲಾವು. ಬಕೆಟ್ ನೀರು ಸುರಿದರೆ ಒಂದು ಚೂರೂ ಪಕ್ಕದಲ್ಲಿ ಉಳಿಯದೆ ತೋಡಿಗಿಳಿಯಬೇಕು. ಮುಚ್ಚಳ ಅಂಗಳಕ್ಕಿಂತ ಎರಡು ಮೂರು ಇಂಚು ಎತ್ತರಕ್ಕಿರಲಿ. ಕಲ್ಲು ಚಪ್ಪಡಿ ಮುಚ್ಚಿದರೆ ಸಂದಿನಿಂದ ಜಿರಲೆ ಹೊರಗೆ ಬರುತ್ತದೆ, ಮಳೆನೀರು ಒಳಗೆ ಹೋಗುತ್ತದೆ.

ಬಚ್ಚಲು ಮತ್ತು ಅಡುಗೆಮನೆಯ ನೀರು ಗಲ್ಲಿ ಟ್ರ್ಯಾಪ್ ದಾಟಿಯೇ ಚೇಂಬರಿಗೆ ಹೋಗಬೇಕು. ಅದರಲ್ಲಿ ಸದಾ ನಿಂತಿರುವ ಎರಡು ಮೂರು ಇಂಚು ನೀರೇ ನಮಗೂ ಊರಿನ ಗಬ್ಬಿಗೂ ನಡುವಿನ ಬಾಗಿಲು. ಬೇಸಿಗೆ ರಜೆಗೆ ತಿಂಗಳುಗಟ್ಟಲೆ ಮನೆ ಬೀಗ ಹಾಕಿದವರು ವಾಪಸು ಬಂದಾಗ ನಾತ ಹೊಡೆದರೆ ಪ್ಲಂಬರಿಗೆ ಫೋನು ಮಾಡುವ ಮೊದಲು ಪ್ರತಿ ಜಾಲರಿಗೂ ಒಂದೊಂದು ತಂಬಿಗೆ ನೀರು ಹಾಕಿ ನೋಡಿ. ಗಾಳಿಕೊಳವೆಯನ್ನು ಮೇಲ್ಛಾವಣಿಗಿಂತ ಮೇಲಕ್ಕೆ, ಪಕ್ಕದವರ ಕಿಟಕಿಯಿಂದ ದೂರಕ್ಕೆ ಒಯ್ಯಿರಿ.

ಮುಚ್ಚುವ ಮೊದಲು

ಪರಿಶೀಲನೆ ಆಗುವವರೆಗೆ ಕಾಲುವೆ ತೆರೆದೇ ಇರಲಿ. ಕೂಲಿಯವರು ಸಂಜೆಗೇ ಮಣ್ಣು ಎಳೆದು ಮುಗಿಸಲು ಅವಸರ ಮಾಡುತ್ತಾರೆ, ಅವರಿಗೆ ನಾಳೆ ಬೇರೆ ಕೆಲಸವಿದೆ. ನಮ್ಮ ಮನೆಯಲ್ಲಿ ನಾನು ಇಲ್ಲದ ಒಂದು ಮಧ್ಯಾಹ್ನ ಹೀಗೆ ಮುಚ್ಚಿಬಿಟ್ಟರು. ಮತ್ತೆ ತೋಡಿಸಲು ಎರಡು ದಿನದ ಕೂಲಿ ಹೋಯಿತು. ತೋಡಿದಾಗ ಒಂದು ಜೋಡಣೆಯಲ್ಲಿ ರಬ್ಬರ್ ಉಂಗುರವೇ ಇರಲಿಲ್ಲ.

ಆ ದಿನ ಕಲಿತದ್ದು ಕನ್ನಡಿ ಪರೀಕ್ಷೆ. ಒಂದು ಚೇಂಬರಿನಲ್ಲಿ ಕೊಳವೆಯ ಬಾಯಿಗೆ ಟಾರ್ಚ್ ಹಿಡಿಯಬೇಕು, ಮುಂದಿನ ಚೇಂಬರಿನಲ್ಲಿ ಕ್ಷೌರದ ಕನ್ನಡಿಯನ್ನು ಓರೆಯಾಗಿ ಇಟ್ಟು ನೋಡಬೇಕು. ಕೊಳವೆ ನೇರವಾಗಿದ್ದರೆ ಕನ್ನಡಿಯಲ್ಲಿ ಹುಣ್ಣಿಮೆ ಚಂದ್ರನಂತೆ ಪೂರ್ತಿ ದುಂಡು ಬೆಳಕು ಕಾಣುತ್ತದೆ. ಕೆಳಗಿನ ಅಂಚು ಕತ್ತರಿಸಿದಂತೆ ಕಂಡರೆ ನಡುವೆ ಕೊಳವೆ ಉಬ್ಬಿದೆ, ಮೇಲಿನ ಅಂಚು ಕತ್ತರಿಸಿದರೆ ಎಲ್ಲೋ ಹೊಟ್ಟೆ ಬಿಟ್ಟಿದೆ. ನಮ್ಮದರಲ್ಲಿ ಮೇಲಿನ ಕಾಲು ಭಾಗ ಕಪ್ಪಾಗಿತ್ತು. ನನ್ನ ಹೆಂಡತಿ ಕನ್ನಡಿ ಹಿಡಿದು, ಇದು ಅಷ್ಟಮಿ ಚಂದ್ರ, ಹುಣ್ಣಿಮೆ ಆಗುವವರೆಗೆ ಕೂಲಿ ಕೊಡಬೇಡಿ ಎಂದಳು. ಮೇಸ್ತ್ರಿಗೂ ನಗು ಬಂತು.

ಇದಾದ ಮೇಲೆ ನೀರಿನ ಪರೀಕ್ಷೆ. ಕೆಳತುದಿಯನ್ನು ಬಿರಡೆಯಿಂದ ಬಿಗಿದು, ಮೇಲ್ತುದಿಗೆ ಐದು ಅಡಿ ಎತ್ತರದ ಕೊಳವೆ ನಿಲ್ಲಿಸಿ ನೀರು ತುಂಬಿಸಿ. ಮೊದಲು ಸ್ವಲ್ಪ ಇಳಿಯಬಹುದು, ಮತ್ತೆ ತುಂಬಿಸಿ ಅರ್ಧ ಗಂಟೆ ಬಿಡಿ. ಮಟ್ಟ ಇಳಿಯುತ್ತಲೇ ಹೋದರೆ ಒದ್ದೆಯಾದ ಜೋಡಣೆ ಹುಡುಕಿ. ಎಲ್ಲ ಸರಿ ಎಂದಾದ ಮೇಲೆ ಪ್ರತಿ ಜೋಡಣೆಯ ಪಕ್ಕ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ.

ರಸ್ತೆಗೆ ಸೇರಿಸುವುದು

ಈ ಭಾಗ ನಗರಸಭೆಯ ಸಿಬ್ಬಂದಿಯ ಕಣ್ಣೆದುರೇ ಆಗಬೇಕು. ಉಳಿಯಿಂದ ಮುಖ್ಯ ಕೊಳವೆಗೆ ತೂತು ಹೊಡೆದು, ನಮ್ಮ ಕೊಳವೆಯನ್ನು ತುರುಕಿ ಸಿಮೆಂಟು ಮೆತ್ತುವವರಿದ್ದಾರೆ. ಒಳಕ್ಕೆ ಚಾಚಿಕೊಂಡ ಆ ತುದಿಗೆ ಬಟ್ಟೆ ಸಿಕ್ಕಿಕೊಂಡು ಇಡೀ ಬೀದಿ ಕಟ್ಟಿಕೊಳ್ಳುತ್ತದೆ. ಸೇರಿಸುವುದು ಬಿಟ್ಟಿರುವ ಚೇಂಬರಿಗೆ ಅಥವಾ ಮ್ಯಾನ್‌ಹೋಲಿಗೆ. ನೇರ ಕೊಳವೆಗೇ ಸೇರಿಸಬೇಕಾದರೆ ಹರಿವಿನ ದಿಕ್ಕಿಗೆ ಓರೆಯಾಗಿ ಕೂರುವ ಕವಲು ಜೋಡಣೆ ಬೇಕು, ಎದುರಿಗೆ ಗುದ್ದುವ ಹಾಗಲ್ಲ.

ಮ್ಯಾನ್‌ಹೋಲಿನೊಳಗೆ ಮನುಷ್ಯನನ್ನು ಇಳಿಸುವುದು ಅಪರಾಧ. ಅಪಾಯಕಾರಿ ರೀತಿಯಲ್ಲಿ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡಿಸಿದರೆ ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯಡಿ ಮೊದಲ ಸಲಕ್ಕೆ ಎರಡು ವರ್ಷದವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆ ಮಾಲೀಕರೂ ಇದಕ್ಕೆ ಹೊರತಲ್ಲ. ಅವನೇ ಇಳಿಯುತ್ತೇನೆಂದ ಎಂಬ ಮಾತು ನಿಲ್ಲುವುದಿಲ್ಲ. ಕಟ್ಟಿಕೊಂಡರೆ ನಗರಸಭೆಯ ಸಕ್ಕಿಂಗ್ ಅಥವಾ ಜೆಟ್ಟಿಂಗ್ ಯಂತ್ರ ಕರೆಸಿ. ಸಹಾಯವಾಣಿ 14420.

ಏನು ಬಿಡಬಾರದು

ಮಳೆನೀರು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ತಾರಸಿಯ ನೀರನ್ನು ಹತ್ತಿರದ ಚೇಂಬರಿಗೆ ಬಿಟ್ಟರೆ ಕೆಲಸ ಹಗುರ, ನಿಜ. ಒಳಚರಂಡಿಯ ಕೊಳವೆಯನ್ನು ಲೆಕ್ಕ ಹಾಕಿರುವುದು ಸ್ನಾನದ, ಪಾತ್ರೆಯ, ಶೌಚದ ನೀರಿಗೆ. 1,200 ಚದರ ಅಡಿಯ ತಾರಸಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,800 ಲೀಟರ್ ನೀರು. ಬೀದಿಯ ಹತ್ತು ಮನೆಯವರು ಹೀಗೆ ಮಾಡಿದರೆ ತಗ್ಗಿನ ಹನ್ನೊಂದನೆಯ ಮನೆಯ ಬಚ್ಚಲು ಕಾರಂಜಿಯಾಗುತ್ತದೆ.

ಇನ್ನು ನಮ್ಮ ಊರಿನ ಖಾಸಾ ಪದಾರ್ಥಗಳು. ಹಂಡೆ ಒಲೆಯ ಬೂದಿ, ಬಚ್ಚಲಿನಿಂದ ಗುಡಿಸಿ ತಳ್ಳಿದ್ದು, ಕೊಳವೆಯ ತಳದಲ್ಲಿ ಸಿಮೆಂಟಿನಂತೆ ಕೂರುತ್ತದೆ. ಫಿಲ್ಟರ್‌ನ ಕಾಫಿ ಚರಟ ದಿನಕ್ಕೆ ಎರಡು ಚಮಚವೆನಿಸಿದರೂ ಅಡುಗೆಮನೆಯ ಜಿಡ್ಡಿನೊಂದಿಗೆ ಸೇರಿ ಗಟ್ಟಿಯಾಗುತ್ತದೆ, ಅದನ್ನು ಗುಲಾಬಿ ಗಿಡದ ಬುಡಕ್ಕೆ ಹಾಕಿ. ಕೊಟ್ಟಿಗೆ ತೊಳೆದ ನೀರು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನೀರು ಸುತರಾಂ ಸಲ್ಲದು. ಹೋಂಸ್ಟೇ, ಮೆಸ್ ನಡೆಸುವವರು ಅಡುಗೆಮನೆಯ ಸಾಲಿಗೆ ಜಿಡ್ಡು ಹಿಡಿಯುವ ತೊಟ್ಟಿ ಕಟ್ಟಿಸಿ, ವಾರಕ್ಕೊಮ್ಮೆ ತೆಗೆಸಬೇಕು. ಸ್ಯಾನಿಟರಿ ಪ್ಯಾಡ್, ಮಕ್ಕಳ ಡೈಪರ್ ಶೌಚಾಲಯಕ್ಕೆ ಹಾಕಬೇಡಿ ಎಂದು ಅತಿಥಿಗಳಿಗೆ ಬರೆದು ಅಂಟಿಸಿ, ಜೊತೆಗೆ ಒಂದು ಮುಚ್ಚಳದ ಡಬ್ಬಿಯನ್ನೂ ಇಡಿ. ಡಬ್ಬಿಯಿಲ್ಲದ ಸೂಚನೆಯನ್ನು ಯಾರೂ ಪಾಲಿಸುವುದಿಲ್ಲ.

ಹಳೆಯ ಗುಂಡಿ

ಸಂಪರ್ಕ ಆದ ಮೇಲೆ ಹಿತ್ತಲಿನ ಸೆಪ್ಟಿಕ್ ಟ್ಯಾಂಕನ್ನು ಹಾಗೆಯೇ ಮರೆಯಬೇಡಿ. ಶೌಚದ ನೀರನ್ನು ಅದರೊಳಕ್ಕೆ ಬಿಡದೆ ಪಕ್ಕದಿಂದ ಒಯ್ದು ನೇರ ಚೇಂಬರಿಗೆ ಸೇರಿಸಿ, ಟ್ಯಾಂಕನ್ನು ಯಂತ್ರದಿಂದ ಖಾಲಿ ಮಾಡಿಸಿ, ಸುಣ್ಣ ಹಾಕಿ, ಹೊರಗಿನಿಂದಲೇ ತಳ ಒಡೆಸಿ, ಜಲ್ಲಿ ಮಣ್ಣು ತುಂಬಿಸಿ ದಮ್ಮಸು ಮಾಡಿಸಿ. ಹಳೆಯ ಚಪ್ಪಡಿ ಯಾವತ್ತೋ ಒಂದು ದಿನ ಆಡುವ ಮಗುವಿನ ಕಾಲಡಿಯೇ ಮುರಿಯಬಹುದು.

ಕೊನೆಗೆ ಆ ಕೈನಕ್ಷೆ, ಈ ಸಲ ನಿಜವಾಗಿ ಹಾಕಿದ ಅಳತೆಗಳೊಂದಿಗೆ ತಿದ್ದಿದ್ದು. ಮೇಸ್ತ್ರಿ ಊರು ಬಿಟ್ಟಿರುತ್ತಾನೆ, ಫೋಟೊ ಇದ್ದ ಮೊಬೈಲ್ ಕೆಟ್ಟಿರುತ್ತದೆ. ನಮ್ಮ ಮನೆಯದು ಪ್ಲಾಸ್ಟಿಕ್ ಹಾಳೆಯೊಳಗೆ, ಕರೆಂಟ್ ಮೀಟರಿನ ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಕೊಂಡಿದೆ. ಮೂರನೆಯ ಚೇಂಬರ್ ದಾಸವಾಳದ ಗಿಡದಿಂದ ರಸ್ತೆಯ ಕಡೆಗೆ ನಾಲ್ಕು ಅಡಿ, ಆಳ ಎರಡೂಕಾಲು.